ತೋರಿಕೆಯ ಹಣ ಮತ್ತು ಎಂಟನೆಯ ಆಜ್ಞೆ

ವಿದ್ಯೆಗಾಗಿ ಮನೆ ಬಿಟ್ಟು ಹೋಗುವುದು ಸ್ಕಂದಗಿರಿಯ ಸುತ್ತಲಿನ ಊರುಗಳಿಗೆ ಹೊಸದಲ್ಲ. ಬೆಟ್ಟಕ್ಕೆ ಸಮೀಪದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ತಂದೆಯನ್ನು ಕಳೆದುಕೊಂಡು, ಮನೆಪಾಠ ಹೇಳಿ ಬೆಂಗಳೂರಿನಲ್ಲಿ ಓದಿ, 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ನೆರವಿನಿಂದ ಪುಣೆಗೆ ತೆರಳಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದಿನ ಆಸೆಯಿಂದ ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಅಮೆರಿಕದ ಓಹಿಯೋದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದರು. (ದೇವರ ವಿಷಯದಲ್ಲಿ ಅವರು ನಮ್ಮೊಡನೆ ಒಪ್ಪುತ್ತಿರಲಿಲ್ಲ, ಸುಳ್ಳಿನ ವಿಷಯದಲ್ಲಿ ನಾವು ಅವರೊಡನೆ ಒಪ್ಪುತ್ತೇವೆ.)

ಇಂದು ನಮ್ಮ ಧರ್ಮಕೇಂದ್ರಗಳ ಯುವಕ ಯುವತಿಯರು ಜರ್ಮನಿ, ಬ್ರಿಟನ್, ಕೆನಡಾಗಳತ್ತ ನೋಡುತ್ತಿದ್ದಾರೆ. ಪ್ರವೇಶಪತ್ರ ಕೈಸೇರಿದ ಸಂತೋಷ ಆರುವ ಮೊದಲೇ ಮನೆಯವರನ್ನು ಕಾಡುವ ಪ್ರಶ್ನೆ ಒಂದೇ: ವೀಸಾಕ್ಕೆ ತೋರಿಸಬೇಕಾದ ಹಣವನ್ನು ಎಲ್ಲಿಂದ ತರುವುದು? ಜರ್ಮನಿಯು ವರ್ಷವೊಂದಕ್ಕೆ 11,904 ಯೂರೋಗಳನ್ನು, ಅಂದರೆ ಸುಮಾರು ಹನ್ನೆರಡು ಲಕ್ಷ ರೂಪಾಯಿಗಳನ್ನು, ನಿರ್ಬಂಧಿತ ಖಾತೆಯೊಂದರಲ್ಲಿ ಮೊದಲೇ ಇಡಿಸುತ್ತದೆ. ವಿದ್ಯಾರ್ಥಿ ಅಲ್ಲಿಗೆ ತಲುಪಿದ ಮೇಲೆ ತಿಂಗಳಿಗೆ 992 ಯೂರೋಗಳಂತೆ ಅದೇ ಹಣ ಅವನ ಕೈಗೆ ಬರುತ್ತದೆ. ಕೆನಡಾ ಬಹುಕಾಲ 10,000 ಡಾಲರು ಸಾಕೆಂದಿದ್ದು, 2024ರ ಜನವರಿಯಿಂದ 20,635ಕ್ಕೂ 2025ರ ಸೆಪ್ಟೆಂಬರಿನಿಂದ 22,895ಕ್ಕೂ ಏರಿಸಿತು. ಬೋಧನಾ ಶುಲ್ಕ ಇದರಲ್ಲಿ ಸೇರಿಲ್ಲ. ಬ್ರಿಟನ್ನಿನ ಕ್ರಮ ಬೇರೆ. ಮೊದಲ ವರ್ಷದ ಬಾಕಿ ಶುಲ್ಕವೂ ಒಂಬತ್ತು ತಿಂಗಳವರೆಗಿನ ಜೀವನವೆಚ್ಚವೂ ವಿದ್ಯಾರ್ಥಿಯ ಅಥವಾ ತಂದೆತಾಯಿಯ ಖಾತೆಯಲ್ಲಿ ಸತತ 28 ದಿನ ನಿಂತಿರಬೇಕು. ಒಂದು ದಿನವೂ ಮೊತ್ತ ಕೆಳಗಿಳಿಯಬಾರದು. ಚಿಕ್ಕಪ್ಪನ, ಸೋದರಮಾವನ ಖಾತೆ ನಡೆಯುವುದಿಲ್ಲ.

ತಿಂಗಳ ಸಂಬಳದ ಮನೆಗೆ ಇದು ಕಷ್ಟವಾದರೂ ಅರ್ಥವಾಗುವ ನಿಯಮ. ರೈತನ ಮನೆಯ ಸ್ಥಿತಿ ಹಾಗಲ್ಲ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಮಾರಿ ಬಂದ ಹಣ ಹಿಪ್ಪುನೇರಳೆ ತೋಟದ ಕೂಲಿ, ಗೊಬ್ಬರದಂಗಡಿಯ ಬಾಕಿ ಎಂದು ವಾರದೊಳಗೆ ಕರಗುತ್ತದೆ. ದ್ರಾಕ್ಷಿ ಬೆಳೆದವನ ಪಾಡೂ ಅಷ್ಟೇ. ಪಹಣಿಯಲ್ಲಿ ಎಕರೆಗಳಿದ್ದರೂ ಪಾಸ್‌ಬುಕ್ಕಿನಲ್ಲಿ ಸಾವಿರಗಳಷ್ಟೇ ಇರುತ್ತವೆ. ಸಾಲಕ್ಕೆಂದು ಹೋದರೆ ಬ್ಯಾಂಕು ಅಡಮಾನಕ್ಕೆ ಕೇಳುವುದು ಮನೆ, ನಿವೇಶನ ಅಥವಾ ಠೇವಣಿಯನ್ನು. ಕೃಷಿ ಜಮೀನನ್ನು ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಈ ನಿಯಮಗಳನ್ನು ರಚಿಸಿದವರ ಕಣ್ಣಿಗೆ ರೈತ ಬಿದ್ದಂತೆ ನಮಗೆ ತೋರುವುದಿಲ್ಲ.

ಮಧ್ಯವರ್ತಿ ನುಸುಳುವುದು ಈ ಸಂದಿಯಲ್ಲಿಯೇ. ಇಪ್ಪತ್ತೆಂಟು ದಿನಕ್ಕೆ ನಿಮ್ಮ ಖಾತೆಗೆ ನಾವೇ ಹಣ ಹಾಕುತ್ತೇವೆ, ಕೆಲಸವಾದ ಮೇಲೆ ಬಡ್ಡಿ ಸಹಿತ ಹಿಂದಿರುಗಿಸಿ ಎನ್ನುತ್ತಾನೆ. ಇಂತಹ ಮಾತಿಗೆ ಮನಸೋತ ತಂದೆಯೊಬ್ಬರು ನಮ್ಮನ್ನು ಕೇಳಿದರು: “ಸ್ವಾಮಿ, ಬ್ಯಾಂಕಿನ ಕಾಗದದಲ್ಲಿ ಒಂದು ಅಂಕಿಯೂ ಸುಳ್ಳಿಲ್ಲ. ಮತ್ತೆ ಪಾಪ ಎಲ್ಲಿಂದ ಬಂತು?”

ಪ್ರಶ್ನೆ ಚತುರವಾದುದು, ತರ್ಕದ ತರಗತಿಯಲ್ಲಿ ಕೇಳಿದ್ದರೆ ಗುರುಗಳು ಮೆಚ್ಚುತ್ತಿದ್ದರು. ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿಯೇ ಇದನ್ನು ವಿಚಾರಿಸಿದ್ದಾರೆ. ಸುಳ್ಳು ನಾಲಿಗೆಯೊಂದಕ್ಕೇ ಸೇರಿದ್ದಲ್ಲ. ಇಲ್ಲದ್ದನ್ನು ಇದೆಯೆಂದು ನಂಬಿಸಲು ಮಾಡಿದ ಕ್ರಿಯೆಯೂ ಸುಳ್ಳೇ ಎಂಬುದು ಅವರ ನಿಲುವು. ವೀಸಾ ಅಧಿಕಾರಿ ಕೇಳುತ್ತಿರುವುದು ಖಾತೆಯಲ್ಲಿ ಅಂಕಿ ಇದೆಯೇ ಎಂದಲ್ಲ, ಈ ವಿದ್ಯಾರ್ಥಿಗೆ ಅಲ್ಲಿ ಉಂಡು ಓದಲು ಹಣವಿದೆಯೇ ಎಂದು. ಇಪ್ಪತ್ತೊಂಬತ್ತನೆಯ ದಿನ ಹೊರಟುಹೋಗುವ ಹಣ ಆ ಪ್ರಶ್ನೆಗೆ ನುಡಿದ ಸುಳ್ಳು ಸಾಕ್ಷಿ. ಸಾಲವೇ ತಪ್ಪೆಂದು ನಾವು ಹೇಳುತ್ತಿಲ್ಲ. ಓದಿಗೆ ಖರ್ಚಾಗುವ ಸಾಲ ಬೇರೆ, ತೋರಿಸಲು ತಂದ ಸಾಲ ಬೇರೆ.

ಇದರ ದಂಡ ತೆರುವವರು ಮಕ್ಕಳು. ತೋರಿಕೆಯ ಹಣದಿಂದ ಹೋದ ಮಗಳು ಅಲ್ಲಿ ಇಳಿದ ದಿನವೇ ಬರಿಗೈಯವಳು. ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗೆ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಲು ಅನುಮತಿಯಿಲ್ಲ; ಆ ಸಂಪಾದನೆಯಿಂದ ಬಾಡಿಗೆಯನ್ನೂ ಶುಲ್ಕದ ಕಂತನ್ನೂ ಕಟ್ಟಿ, ಊರಿನ ಬಡ್ಡಿಯನ್ನೂ ತೀರಿಸುವುದು ಆಗದ ಮಾತು. ವಂಚನೆ ಬಯಲಾದರೆ ಕೆನಡಾ ಐದು ವರ್ಷ, ಬ್ರಿಟನ್ ಹತ್ತು ವರ್ಷಗಳವರೆಗೆ ಬಾಗಿಲು ಮುಚ್ಚುತ್ತವೆ. ಅಮೆರಿಕದ ಕಾನೂನಿನಲ್ಲಿ ಆ ನಿಷೇಧಕ್ಕೆ ಕೊನೆಯ ದಿನಾಂಕವೇ ಇಲ್ಲ.

ಹಾಗಾದರೆ ದಾರಿ ಯಾವುದು? ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ರೂ. 7.5 ಲಕ್ಷದವರೆಗೆ ಆಸ್ತಿಯ ಅಡಮಾನ ಕೇಳುವುದಿಲ್ಲ. ತಂದೆ ಅಥವಾ ತಾಯಿ ಸಹಸಾಲಗಾರರಾಗಬೇಕು. ಓದು ಮುಗಿದು ಒಂದು ವರ್ಷದ ನಂತರ ಕಂತು ಆರಂಭವಾದರೂ ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆಂಬುದನ್ನು ಮರೆಯಬಾರದು. ಬ್ಯಾಂಕಿನ ಮಂಜೂರಾತಿ ಪತ್ರ ಪುರಾವೆಯಾಗಿ ಸಲ್ಲುತ್ತದೆ. ವಿದ್ಯಾರ್ಥಿವೇತನದ ಪತ್ರವಿದ್ದರೆ ತೋರಿಸಬೇಕಾದ ಮೊತ್ತ ಅಷ್ಟರಮಟ್ಟಿಗೆ ಇಳಿಯುತ್ತದೆ. ವಿದೇಶ ವ್ಯಾಸಂಗಕ್ಕೆ ರಾಜ್ಯದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ನೆರವಿಗೆ ಕ್ರೈಸ್ತರೂ ಅರ್ಹರು. ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿದವರು ನಮ್ಮಲ್ಲಿ ತೀರ ಕಡಿಮೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲದಿರುವುದನ್ನೂ ಗಮನಿಸಬೇಕು. ಗೋಪುರ ಕಟ್ಟುವವನು ಮೊದಲು ಕುಳಿತು ವೆಚ್ಚದ ಲೆಕ್ಕ ಹಾಕುವ ಸಾಮತಿ ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿದೆ. ಮನೆಯವರೆಲ್ಲ ಹಾಗೆ ಕುಳಿತಾಗ, ಈ ವರ್ಷ ಬೇಡ ಎಂಬ ಉತ್ತರವೂ ಬರಬಹುದು. ಇರುವ ಒಂದೇ ಮನೆಯನ್ನು ಅಡವಿಡುವ ಮುನ್ನ ತಾಯಿಯ ಅಭಿಪ್ರಾಯವನ್ನೂ ಕೇಳಿ.

ಇನ್ನೊಂದು ಮಾತು. ತಂದೆತಾಯಿಯ ಖಾತೆಯನ್ನು ತೋರಿಸುವವರು ಸಂಬಂಧವನ್ನು ಜನನ ಪ್ರಮಾಣಪತ್ರದಿಂದ ಸಾಬೀತುಪಡಿಸಬೇಕು ಮತ್ತು ಅವರ ಒಪ್ಪಿಗೆ ಪತ್ರ ಜೊತೆಗಿರಬೇಕು. ಜ್ಞಾನಸ್ನಾನದ ಪತ್ರ ಇದಕ್ಕೆ ಬದಲಿಯಾಗದು. ದೇವಾಲಯದ ದಾಖಲೆಯಲ್ಲಿ ಆರೋಗ್ಯಮೇರಿ, ಶಾಲೆಯಲ್ಲಿ ಮೇರಿ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಎಂಬಂತಹ ಮನೆಗಳು ನಮ್ಮಲ್ಲಿ ಬಹಳ. ನಮ್ಮ ಪುಸ್ತಕವನ್ನು ತಿದ್ದಿಕೊಡಿ ಎಂದು ಹೊರಡುವ ವಾರದಲ್ಲಿ ಬಂದರೆ ನಾವು ತಿದ್ದಲಾರೆವು. ನಗರಸಭೆಯಲ್ಲಿ, ಶಾಲೆಯಲ್ಲಿ ಆಗಬೇಕಾದ ತಿದ್ದುಪಡಿಗಳಿಗೆ ತಿಂಗಳುಗಳೇ ಬೇಕಾಗುವುದರಿಂದ, ಮಕ್ಕಳು ಪದವಿಯ ಕೊನೆಯ ವರ್ಷದಲ್ಲಿರುವಾಗಲೇ ಈ ಕಾಗದಗಳನ್ನೆಲ್ಲ ಹರಡಿಕೊಂಡು ಹೆಸರುಗಳನ್ನು ಹೋಲಿಸಿ ನೋಡಿರಿ.