ಸುದ್ದಿ ನಿಮ್ಮ ಬಳಿಗೇ ಬರಲಿ: ಆರ್‌ಎಸ್‌ಎಸ್ ರೀಡರ್ ಬಳಸೋದು ಹೇಗೆ?

ವಿದ್ಯಾರ್ಥಿವೇತನಕ್ಕೆ ಅರ್ಜಿ ಕರೆದದ್ದು ಕೊನೆಯ ದಿನಾಂಕ ಮುಗಿದ ಮೇಲೆ ತಿಳಿಯುತ್ತದೆ. ವಾಟ್ಸಪ್‌ನಲ್ಲಿ ಬಂದ ಮಳೆಯ ಎಚ್ಚರಿಕೆ ಇವತ್ತಿನದೋ, ಹೋದ ವರ್ಷದ್ದೋ ಗೊತ್ತಾಗೋದಿಲ್ಲ. ಹಾಗಂತ ದಿನಾ ಹತ್ತು ವೆಬ್‌ಸೈಟ್ ತೆರೆದು ನೋಡುವಷ್ಟು ಪುರುಸೊತ್ತು ಯಾರಿಗಿದೆ? ಇದಕ್ಕೆ ಖರ್ಚಿಲ್ಲದ ಒಂದು ದಾರಿ ಇದೆ. ಅದೇ ಆರ್‌ಎಸ್‌ಎಸ್.

ಏನಿದು?

ರಿಯಲಿ ಸಿಂಪಲ್ ಸಿಂಡಿಕೇಶನ್ ಎಂಬುದರ ಚಿಕ್ಕ ರೂಪ ಇದು. ಇದೇ ಹೆಸರಿನ ಸಂಘಟನೆಗೂ ಇದಕ್ಕೂ ಸಂಬಂಧವಿಲ್ಲ. ಇದು 1999ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿತು. ವೆಬ್‌ಸೈಟ್‌ನವರು ಹೊಸದಾಗಿ ಏನು ಹಾಕಿದರೂ ಅದರ ತಲೆಬರಹ, ಕೊಂಡಿ, ಸಾಮಾನ್ಯವಾಗಿ ದಿನಾಂಕವೂ ಒಂದು ಪಟ್ಟಿಗೆ ಸೇರುತ್ತವೆ. ಆ ಪಟ್ಟಿಯೇ 'ಫೀಡ್'. ರೀಡರ್ ಎಂಬ ಆ್ಯಪ್ ಆಗಾಗ ಈ ಪಟ್ಟಿಗಳನ್ನು ನೋಡಿ, ಹೊಸದನ್ನೆಲ್ಲ ಒಂದೇ ಕಡೆ ತೋರಿಸುತ್ತದೆ. ಪೇಪರ್ ಹಾಕುವ ಹುಡುಗ ಮನೆ ಬಾಗಿಲಿಗೇ ಪೇಪರ್ ತಂದುಕೊಟ್ಟ ಹಾಗೆ!

ಶುರು ಮಾಡೋದು ಹೇಗೆ?

1. ಒಂದು ರೀಡರ್ ಹಾಕಿಕೊಳ್ಳಿ. ಆಂಡ್ರಾಯ್ಡ್ ಫೋನಿಗೆ 'ಫೀಡರ್', ಐಫೋನಿಗೆ 'ನೆಟ್‌ನ್ಯೂಸ್‌ವೈರ್', ಕಂಪ್ಯೂಟರಿಗೆ 'ಥಂಡರ್‌ಬರ್ಡ್' ಉಚಿತವಾಗಿ ಸಿಗುತ್ತವೆ.

2. ಬೇಕಾದ ಸೈಟಿನಲ್ಲಿ 'ಆರ್‌ಎಸ್‌ಎಸ್' ಎಂಬ ಬರಹ ಅಥವಾ ಕಿತ್ತಳೆ ಬಣ್ಣದ ಗುರುತು ಹುಡುಕಿ, ಅದರ ವಿಳಾಸ ಕಾಪಿ ಮಾಡಿ. ಕಾಣದಿದ್ದರೆ ಸೈಟಿನ ವಿಳಾಸವನ್ನೇ ರೀಡರಿಗೆ ಕೊಟ್ಟು ನೋಡಿ. ಎಷ್ಟೋ ಸಲ ಅದೇ ಫೀಡ್ ಹುಡುಕಿಕೊಳ್ಳುತ್ತದೆ.

3. ಮೊದಲಿಗೆ ಮೂರೋ ನಾಲ್ಕೋ ಫೀಡ್ ಸಾಕು. ಕೇಂದ್ರ ಸರ್ಕಾರದ ಪ್ರಕಟಣೆಗಳಿಗೆ ಪಿಐಬಿ, ವಿಪತ್ತಿನ ಎಚ್ಚರಿಕೆಗಳಿಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಫೀಡ್ ಕೊಡುತ್ತವೆ.

ಲಾಭವೇನು?

ಸುದ್ದಿ ಯಾರ್ಯಾರದೋ ಕೈದಾಟಿ ಬರೋದಿಲ್ಲ, ಪ್ರಕಟಿಸಿದವರಿಂದಲೇ ನೇರವಾಗಿ ಬರುತ್ತದೆ. ಆ ಸೈಟಿಗೆ ನಿಮ್ಮ ಫೋನ್ ನಂಬರನ್ನಾಗಲಿ ಇಮೇಲನ್ನಾಗಲಿ ಕೊಡಬೇಕಿಲ್ಲ. ಏನು ಬರಬೇಕು, ಏನು ಬೇಡ ಅಂತ ತೀರ್ಮಾನಿಸುವವರು ನೀವೇ.

ಇದೂ ನೆನಪಿರಲಿ

ಎಲ್ಲ ಸೈಟುಗಳಲ್ಲೂ ಫೀಡ್ ಇರೋದಿಲ್ಲ. ಅರ್ಜಿ ಕರೆಯುವ ಕಚೇರಿಯ ಸೈಟಿನಲ್ಲಿ ಇಲ್ಲದಿದ್ದರೆ ಮೊದಲಿನಂತೆ ನಾವೇ ಹೋಗಿ ನೋಡಬೇಕು. ರೀಡರ್ ಆಗಾಗ ಮಾತ್ರ ಹೊಸದನ್ನು ತರುವುದರಿಂದ ತುರ್ತು ಎಚ್ಚರಿಕೆ ತಡವಾಗಬಹುದು. ಹಾಗಾಗಿ ನೆರೆ, ಭೂಕುಸಿತದ ಭಯವಿದ್ದಾಗ ಊರಿನ ಅಧಿಕಾರಿಗಳ ಮಾತಿಗೆ ಕಾಯುವುದೇ, ಕೇಳುವುದೇ ಮುಖ್ಯ.

ಇನ್ನೊಂದು ವಿಷಯ. 2005ರಲ್ಲಿ ಬಂದ ಗೂಗಲ್ ರೀಡರನ್ನು ಬಹಳ ಜನ ನೆಚ್ಚಿಕೊಂಡಿದ್ದರು. 2013ರ ಜುಲೈನಲ್ಲಿ ಅದು ನಿಂತುಹೋಯಿತು. ತಮ್ಮ ಫೀಡ್‌ಗಳ ಪಟ್ಟಿಯನ್ನು ಇಳಿಸಿಕೊಂಡವರು ಅದನ್ನು ಬೇರೆ ರೀಡರಿಗೆ ಹಾಕಿ ಓದು ಮುಂದುವರಿಸಿದರು. ಈ ಪಟ್ಟಿಯ ಫೈಲಿಗೆ 'ಒಪಿಎಂಎಲ್' ಅಂತಾರೆ. ನೀವೂ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.

ಸಂಘದಲ್ಲಿ ಒಬ್ಬರು ಕಲಿತರೂ ಸಾಕು. ವಾರದ ಸಭೆಯಲ್ಲಿ ಹತ್ತು ನಿಮಿಷ, ಹೊಸ ಪ್ರಕಟಣೆಗಳನ್ನೂ ಕೊನೆಯ ದಿನಾಂಕಗಳನ್ನೂ ಎಲ್ಲರಿಗೂ ಓದಿ ಹೇಳಲಿ. ಫೋನ್ ಇಲ್ಲದವರಿಗೂ ವಿಷಯ ಸಮಯಕ್ಕೆ ಸರಿಯಾಗಿ ಮುಟ್ಟುತ್ತದೆ.