ಅನುಕ್ರಮ ಸಂಖ್ಯಾ ಉತ್ಪಾದಕ

ಅನುಕ್ರಮ ಸಂಖ್ಯಾ ಉತ್ಪಾದಕ ಎಂಬುದು ಪ್ರತಿ ಬಾರಿ ಕರೆದಾಗಲೂ ಸರಣಿಯ ಮುಂದಿನ ಸಂಖ್ಯೆಯನ್ನು ನೀಡುವ ತಂತ್ರಾಂಶದ ಸಣ್ಣ ಘಟಕವಾಗಿದೆ. ರಸೀದಿ, ಟೋಕನ್ ಹಾಗೂ ದತ್ತಸಂಚಯದ ದಾಖಲೆಗಳಿಗೆ ಗುರುತಿನ ಸಂಖ್ಯೆ ನೀಡಲು ಇದನ್ನು ಬಳಸಲಾಗುತ್ತದೆ. ಒಮ್ಮೆ ಬರೆದ ಘಟಕವನ್ನು ಅನೇಕ ಕಡೆ ಮರುಬಳಸಲು ಅನುಕೂಲವಾಗುವಂತೆ ಇದನ್ನು ಗ್ರಂಥಾಲಯದ (ಲೈಬ್ರರಿ) ರೂಪದಲ್ಲಿ ಇಡುವುದು ರೂಢಿ.

ಕಾರ್ಯವಿಧಾನ

ಉತ್ಪಾದಕಕ್ಕೆ ಆರಂಭಿಕ ಸಂಖ್ಯೆ ಮತ್ತು ಹೆಚ್ಚಳದ ಪ್ರಮಾಣ ಎಂಬ ಎರಡು ಮೌಲ್ಯಗಳು ಸಾಕು. ಪೈಥಾನ್ ಭಾಷೆಯ ಇಟರ್‌ಟೂಲ್ಸ್ ಘಟಕದಲ್ಲಿರುವ ಕೌಂಟ್ ಇದಕ್ಕೆ ಸರಳ ಉದಾಹರಣೆ. ಆರಂಭ 10, ಹೆಚ್ಚಳ 5 ಎಂದು ಕೊಟ್ಟರೆ ಅದು 10, 15, 20 ಎಂದು ಕೊನೆಯಿಲ್ಲದೆ ಎಣಿಸುತ್ತದೆ. ಇಡೀ ಸರಣಿಯನ್ನು ಸಂಗ್ರಹಿಸದೆ ಕೇಳಿದಾಗ ಮಾತ್ರ ಮುಂದಿನ ಸಂಖ್ಯೆಯನ್ನು ರಚಿಸುವುದರಿಂದ ಅತ್ಯಲ್ಪ ಸ್ಮೃತಿ ಸಾಕಾಗುತ್ತದೆ. ಆದರೆ ಕ್ರಮವಿಧಿ ನಿಂತರೆ ಎಣಿಕೆ ಕಳೆದುಹೋಗುತ್ತದೆ. ಆದ್ದರಿಂದ ಶಾಶ್ವತ ಸಂಖ್ಯೆಗಳಿಗೆ ಕೊನೆಯ ಮೌಲ್ಯವನ್ನು ದತ್ತಸಂಚಯದಲ್ಲಿ ಉಳಿಸಬೇಕು.

ಏಕಕಾಲಿಕ ಬಳಕೆ

ಎರಡು ಎಳೆಗಳು (ಥ್ರೆಡ್) ಒಂದೇ ಕ್ಷಣದಲ್ಲಿ 41 ಎಂಬ ಮೌಲ್ಯವನ್ನು ಓದಿದರೆ ಎರಡೂ 42 ಅನ್ನೇ ಹಿಂದಿರುಗಿಸಿ, ಇಬ್ಬರು ಗ್ರಾಹಕರಿಗೆ ಒಂದೇ ಸಂಖ್ಯೆಯ ರಸೀದಿ ಹೋಗಬಹುದು. ಇದನ್ನು ತಡೆಯಲು ಓದುವಿಕೆ ಮತ್ತು ಹೆಚ್ಚಳಗಳನ್ನು ಅವಿಭಾಜ್ಯ ಕ್ರಿಯೆಯಾಗಿ ಮಾಡಬೇಕು. ಜಾವಾ ಭಾಷೆಯ ಅಟಾಮಿಕ್‌ಲಾಂಗ್ ವರ್ಗವು ಈ ಸೌಲಭ್ಯವನ್ನು ಒದಗಿಸುತ್ತದೆ.

ಸರಣಿಯಲ್ಲಿ ಅಂತರ

ಪೋಸ್ಟ್‌ಗ್ರೆಸ್‌ಕ್ಯೂಎಲ್ ದತ್ತಸಂಚಯದಲ್ಲಿ ವ್ಯವಹಾರವೊಂದು ರದ್ದಾದರೂ ಅದಕ್ಕೆ ನೀಡಿದ ಅನುಕ್ರಮ ಸಂಖ್ಯೆ ಹಿಂದಿರುಗುವುದಿಲ್ಲ. ಹೀಗಾಗಿ ಸಂಖ್ಯೆಗಳು ಅನನ್ಯವಾಗಿದ್ದರೂ ನಡುವೆ ಅಂತರ ಉಳಿಯುತ್ತದೆ. ಭಾರತದ 2017ರ ಕೇಂದ್ರ ಜಿಎಸ್‌ಟಿ ನಿಯಮಾವಳಿಯ 46ನೇ ನಿಯಮದಂತೆ ತೆರಿಗೆ ಬಿಲ್ಲಿನ ಸಂಖ್ಯೆಯು ಕ್ರಮಾನುಗತವಾಗಿದ್ದು, 16 ಅಕ್ಷರಗಳನ್ನು ಮೀರದೆ, ಆರ್ಥಿಕ ವರ್ಷದೊಳಗೆ ಅನನ್ಯವಾಗಿರಬೇಕು. ಇಂತಹ ಕಡೆ ಎಣಿಕೆಯನ್ನು ಪ್ರತ್ಯೇಕ ಕೋಷ್ಟಕದಲ್ಲಿಟ್ಟು, ಬಿಲ್ಲು ದಾಖಲಾಗುವ ವ್ಯವಹಾರದಲ್ಲಿಯೇ ಅದನ್ನು ಹೆಚ್ಚಿಸಲಾಗುತ್ತದೆ. ಒಂದು ಬಿಲ್ಲು ಮುಗಿಯುವವರೆಗೆ ಇನ್ನೊಂದು ಕಾಯಬೇಕಾದ್ದರಿಂದ ವೇಗ ಕುಗ್ಗುತ್ತದೆ.

ವಿತರಿತ ವ್ಯವಸ್ಥೆಗಳು

ಅನೇಕ ಗಣಕಗಳು ಒಟ್ಟಾಗಿ ದುಡಿಯುವಾಗ ಒಂದೇ ಎಣಿಕೆಯನ್ನು ಅವಲಂಬಿಸುವುದು ಕಷ್ಟ. ಟ್ವಿಟರ್ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ಸ್ನೋಫ್ಲೇಕ್ ವಿಧಾನವು 64 ಬಿಟ್‌ಗಳ ಸಂಖ್ಯೆಯಲ್ಲಿ 41 ಬಿಟ್‌ಗಳನ್ನು ಮಿಲಿಸೆಕೆಂಡುಗಳ ಕಾಲಕ್ಕೆ, 10 ಬಿಟ್‌ಗಳನ್ನು ಯಂತ್ರದ ಗುರುತಿಗೆ, 12 ಬಿಟ್‌ಗಳನ್ನು ಅನುಕ್ರಮಕ್ಕೆ ಮೀಸಲಿಡುತ್ತದೆ. ಇದರಿಂದ ಪ್ರತಿಯೊಂದು ಯಂತ್ರವೂ ಒಂದು ಮಿಲಿಸೆಕೆಂಡಿನಲ್ಲಿ 4,096 ಸಂಖ್ಯೆಗಳನ್ನು ಸ್ವತಂತ್ರವಾಗಿ ರಚಿಸಬಲ್ಲದು.

ಮಿತಿಗಳು

ಚಿಹ್ನೆಸಹಿತ 32 ಬಿಟ್ ಪೂರ್ಣಾಂಕದ ಗರಿಷ್ಠ ಮೌಲ್ಯ 2,14,74,83,647. ಎಣಿಕೆ ಅದನ್ನು ತಲುಪಿದ ಮೇಲೆ ಹೊಸ ದಾಖಲೆ ಸೇರಿಸಲಾಗದು. ಇದಲ್ಲದೆ ಅನುಕ್ರಮ ಸಂಖ್ಯೆಗಳು ಮಾಹಿತಿಯನ್ನು ಬಯಲುಮಾಡುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳು ವಶಪಡಿಸಿಕೊಂಡ ಜರ್ಮನ್ ಟ್ಯಾಂಕುಗಳ ಕ್ರಮಸಂಖ್ಯೆಗಳಿಂದಲೇ ಅವುಗಳ ಉತ್ಪಾದನೆಯನ್ನು ಅಂದಾಜಿಸಿದ್ದವು. ಆದುದರಿಂದ ಸಾರ್ವಜನಿಕವಾಗಿ ಕಾಣುವ ಗುರುತುಗಳಿಗೆ ಯಾದೃಚ್ಛಿಕ ಸಂಖ್ಯೆಗಳನ್ನು ಬಳಸುವುದುಂಟು.