ಅಜ್ಜನ ಕಿತಾಬಿಗೆ ಬೂಷ್ಟು, ಮೀಝಾನ್ ಕಲ್ಲಿಗೆ ಕಲ್ಲುಹೂ

ಕಳೆದ ವರ್ಷ ಮಳೆಗಾಲ ಮುಗಿಯುತ್ತಾ ಬಂದಾಗ ಮದ್ರಸದ ಹುಡುಗನೊಬ್ಬ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮೇಜಿನ ಮೇಲೆ ಇಟ್ಟ. "ಉಸ್ತಾದ್, ಇದನ್ನು ಹೊಳೆಗೆ ಬಿಡಬೇಕಂತೆ. ಹೇಗೆ ಬಿಡುವುದು ಅಂತ ಕೇಳಿಕೊಂಡು ಬರಲು ಉಮ್ಮ ಹೇಳಿದ್ದಾರೆ" ಎಂದ. ಚೀಲ ಬಿಚ್ಚಿದರೆ ಮೂಗಿಗೆ ಹೊಡೆಯುವ ಬೂಷ್ಟಿನ ವಾಸನೆ. ಒಳಗೆ ಇದ್ದದ್ದು ಅವನ ಮುತ್ತಜ್ಜ ಕೈಯಾರೆ ಬರೆದ ಕಿತಾಬು. ಸ್ವಲ್ಪ ಮೌಲಿದ್, ಸ್ವಲ್ಪ ಅರಬಿ-ಮಲಯಾಳಂ ಮಾಲೆ, ಕೊನೆಯ ಎರಡು ಹಾಳೆಯಲ್ಲಿ ಮನೆಯ ಮಕ್ಕಳು ಹುಟ್ಟಿದ ದಿನ, ಹಿರಿಯರು ತೀರಿಕೊಂಡ ದಿನ, ಎಲ್ಲವೂ ಹಿಜರಿ ಲೆಕ್ಕದಲ್ಲಿ. ಅಂಚು ಕಪ್ಪಾಗಿತ್ತು, ನಡುವಿನ ಹಾಳೆಗಳು ಅಂಟಿಕೊಂಡಿದ್ದವು. ಆದರೆ ಮುಕ್ಕಾಲು ಪಾಲು ಓದಲು ಬರುತ್ತಿತ್ತು.

"ಹೊಳೆಗೆ ಬಿಡುವುದು ಬೇಡ, ಉಮ್ಮನಿಗೆ ನಾನು ಹೇಳುತ್ತೇನೆ" ಎಂದೆ. ಹಾಗೆ ಹೇಳಲು ನನಗೊಂದು ಕಾರಣವೂ ಇತ್ತು. ವರ್ಷಗಳ ಹಿಂದೆ ನನ್ನ ಉಸ್ತಾದರು ಕೊಟ್ಟ ಒಂದು ಕೈಬರಹದ ಪ್ರತಿಗೆ ಬೂಷ್ಟು ಹಿಡಿದಾಗ, ನಾನು ಒದ್ದೆ ಬಟ್ಟೆಯಿಂದ ಒರೆಸಿ ಉರಿ ಬಿಸಿಲಿನಲ್ಲಿ ಒಣಗಿಸಿದ್ದೆ. ಶಾಯಿ ಹರಡಿತು, ಹಾಳೆ ಹಪ್ಪಳದ ಹಾಗೆ ಸುರುಟಿತು, ಮಡಚಿದಲ್ಲೆಲ್ಲ ಮುರಿಯಿತು. ಬೂಷ್ಟು ಅರ್ಧ ಹಾಳು ಮಾಡಿದ್ದನ್ನು ನಾನು ಪೂರ್ತಿ ಹಾಳು ಮಾಡಿದೆ. ಆಮೇಲೆಯೇ ಇದರ ಬಗ್ಗೆ ಓದಲು, ತಿಳಿದವರನ್ನು ಕೇಳಲು ಶುರು ಮಾಡಿದ್ದು.

ಬೂಷ್ಟು ಎಂದರೆ ಕೊಳೆಯಲ್ಲ

ನಾವು ಬೂಷ್ಟನ್ನು ಕೊಳೆ ಎಂದುಕೊಳ್ಳುತ್ತೇವೆ. ಅದು ಕೊಳೆಯಲ್ಲ, ಜೀವ. ಶಿಲೀಂಧ್ರ ಎಂಬ ಜಾತಿಗೆ ಸೇರಿದ್ದು. ಅದರ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣ, ಗಾಳಿಯಲ್ಲಿ ಯಾವಾಗಲೂ ಇರುತ್ತವೆ, ನಿಮ್ಮ ಮನೆಯಲ್ಲೂ ನಮ್ಮ ಪಳ್ಳಿಯಲ್ಲೂ. ಅವು ಕಾಯುವುದು ತೇವಕ್ಕಾಗಿ. ಗಾಳಿಯ ತೇವಾಂಶ ಶೇಕಡಾ 65ರಿಂದ 70 ದಾಟಿ ಹಾಗೆಯೇ ನಿಂತರೆ ಕಣ ಮೊಳಕೆಯೊಡೆಯುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಅದು ಇದಕ್ಕಿಂತ ಕೆಳಗೆ ಇಳಿಯುವುದೇ ಕಡಿಮೆ. ಪುಸ್ತಕ ನೀರಿನಲ್ಲಿ ನೆನೆದರಂತೂ ಎರಡು ಮೂರು ದಿನ ಸಾಕು.

ಮೊಳಕೆಯೊಡೆದ ಮೇಲೆ ಹತ್ತಿಯ ಎಳೆಯಂಥ ದಾರಗಳನ್ನು ಹಾಳೆಯ ಒಳಗೆ ಇಳಿಸುತ್ತದೆ. ಕಾಗದ ಆಗಿರುವುದು ಸೆಲ್ಯುಲೋಸ್ ಎಂಬ ನಾರಿನಿಂದ. ಆ ನಾರನ್ನು ಕರಗಿಸುವ ರಸವನ್ನು ಬಿಟ್ಟು, ಕರಗಿದ್ದನ್ನು ಹೀರಿಕೊಳ್ಳುತ್ತದೆ. ಹಳೆಯ ಕಿತಾಬುಗಳ ಹಿಟ್ಟಿನ ಗೋಂದು, ಚರ್ಮದ ರಟ್ಟು ಅದಕ್ಕೆ ಇನ್ನೂ ಇಷ್ಟ. ಹಾಗಾಗಿ ಮೊದಲು ಕೆಡುವುದು ಹೊಲಿಗೆಯ ಬದಿ ಮತ್ತು ರಟ್ಟು. ಕಪ್ಪು, ಕಂದು, ಕೆಂಪು ಕಲೆಗಳು ಅದು ಬಿಟ್ಟುಹೋದ ಬಣ್ಣ. ಬೂಷ್ಟು ಸತ್ತರೂ ಕಲೆ ಹೋಗುವುದಿಲ್ಲ. ಹೋಗಿಸಲು ಉಜ್ಜಿದರೆ ಅಕ್ಷರವೂ ಜೊತೆಗೆ ಹೋಗುತ್ತದೆ.

ನುಸಿಗುಳಿಗೆ ಇಟ್ಟರೆ ಸಾಕು ಅಂತ ಹಲವರ ನಂಬಿಕೆ. ಅದು ಹುಳಕ್ಕೆ, ಬೂಷ್ಟಿಗಲ್ಲ. ಬೇವಿನ ಸೊಪ್ಪೂ ಹಾಗೆಯೇ, ಹುಳ ದೂರ ಇಡಬಹುದು, ಆದರೆ ಹಸಿ ಸೊಪ್ಪು ಇಟ್ಟರೆ ತೇವ ಇನ್ನೂ ಹೆಚ್ಚು.

ಮರಕ್ಕೂ ಇದೇ ಕಥೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಮಸೀದಿಯ ಒಳಗಿನ ಕೆತ್ತನೆಯ ಮರದ ಕಂಬಗಳನ್ನು ನೋಡದವರು ನಮ್ಮಲ್ಲಿ ಕಡಿಮೆ. ಅಂಥ ಮರ ಒಣಗಿ ಇದ್ದರೆ ನೂರಾರು ವರ್ಷ ಬಾಳುತ್ತದೆ. ಆದರೆ ಮಾಡಿನ ಒಂದು ಹಂಚು ಒಡೆದು, ಒಂದೇ ಮೂಲೆಗೆ ವರ್ಷ ವರ್ಷ ನೀರು ಇಳಿದರೆ ಅಲ್ಲಿ ಶಿಲೀಂಧ್ರ ಸೇರುತ್ತದೆ. ಮರ ಹೊರಗಿನಿಂದ ಚೆಂದವೇ ಕಾಣುತ್ತದೆ, ಒಳಗೆ ಚೌಕ ಚೌಕವಾಗಿ ಬಿರಿದು ಪುಡಿಯಾಗಿರುತ್ತದೆ. ಹಳೆಯ ಪಳ್ಳಿ ಇರುವ ಜಮಾಅತಿನವರು ಬಣ್ಣಕ್ಕೆ ಹಣ ಎತ್ತುವ ಮೊದಲು ಒಮ್ಮೆ ಮಾಡು ಹತ್ತಿ ನೋಡಬೇಕು.

ಕಲ್ಲಿನ ಮೇಲಿನ ಹೂ

ಬಿರಿಯಾನಿ ಮಸಾಲೆಗೆ ಹಾಕುವ ಕಲ್ಲುಹೂ ನಮ್ಮ ಅಡುಗೆಮನೆಗೆ ಹೊಸದಲ್ಲ. ಹೂ ಎಂದರೂ ಅದು ಹೂವಲ್ಲ. ಶಿಲೀಂಧ್ರ ಮತ್ತು ಪಾಚಿ ಒಟ್ಟಾಗಿ ಸಂಸಾರ ಮಾಡುವ ಜೀವ. ಪಾಚಿ ಬಿಸಿಲಿನಿಂದ ಅಡುಗೆ ಮಾಡುತ್ತದೆ, ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ. ಖಬರ್‌ಸ್ಥಾನದ ಹಳೆಯ ಮೀಝಾನ್ ಕಲ್ಲುಗಳ ಮೇಲೆ ಬೂದಿ, ಹಳದಿ, ಹಸಿರು ಬಣ್ಣದ ಚಕ್ಕೆಗಳು ಕಾಣುತ್ತವಲ್ಲ, ಅವೂ ಇದೇ ಕುಲದ್ದು.

ಅದು ಬೆಳೆಯುವುದು ಬಹಳ ನಿಧಾನ, ಎಷ್ಟೋ ಜಾತಿಗಳು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಮಾತ್ರ. ಆದರೆ ಅದಕ್ಕೆ ಅವಸರ ಇಲ್ಲ. ಬೇರಿನಂಥ ಎಳೆಗಳನ್ನು ಕಲ್ಲಿನ ಸಂದುಗಳಿಗೆ ಇಳಿಸುತ್ತದೆ. ಆಕ್ಸಾಲಿಕ್ ಆಮ್ಲದಂಥ ಹುಳಿ ಬಿಟ್ಟು ಕಲ್ಲಿನ ಖನಿಜ ಸಡಿಲಿಸುತ್ತದೆ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಕಲ್ಲಿನ ಕಣ ಕಣವನ್ನೇ ಎಳೆದು ತೆಗೆಯುತ್ತದೆ. ಹೆಸರು, ಹಿಜರಿ ವರ್ಷ ಕೆತ್ತಿದ ಗೆರೆಗಳು ಮೊದಲು ತುಂಬಿಹೋಗುತ್ತವೆ, ಆಮೇಲೆ ಸವೆದುಹೋಗುತ್ತವೆ.

ಹಾಗಂತ ತಂತಿ ಬ್ರಶ್, ಆ್ಯಸಿಡ್, ಬ್ಲೀಚಿಂಗ್ ಪೌಡರ್ ಹಿಡಿದು ಹೊರಡಬೇಡಿ, ಮಾರಾಯ್ರೆ! ಖಬರ್‌ಸ್ಥಾನ ಸ್ವಚ್ಛ ಮಾಡುವ ಉತ್ಸಾಹದಲ್ಲಿ ನಮ್ಮ ಹುಡುಗರು ಮಾಡುವ ತಪ್ಪು ಇದೇ. ಕಿತ್ತರೆ ಅದಕ್ಕೆ ಅಂಟಿದ ಕಲ್ಲಿನ ಮೇಲ್ಪದರವೂ ಬರುತ್ತದೆ. ಕಲ್ಲುಹೂ ಐವತ್ತು ವರ್ಷದಲ್ಲಿ ಮಾಡದ ಹಾಳನ್ನು ತಂತಿ ಬ್ರಶ್ ಅರ್ಧ ಗಂಟೆಯಲ್ಲಿ ಮಾಡುತ್ತದೆ. ಕೆಲವು ಕಡೆ ಕಲ್ಲುಹೂವಿನ ಪದರವೇ ಮಳೆ ಗಾಳಿಯಿಂದ ಕಲ್ಲನ್ನು ಕಾಯುತ್ತದೆ ಎಂದು ಹೇಳುವ ವಿಜ್ಞಾನಿಗಳೂ ಇದ್ದಾರೆ. ಮೊದಲು ಓರೆ ಬೆಳಕಿನಲ್ಲಿ ಫೋಟೋ ತೆಗೆದು ಬರಹ ದಾಖಲಿಸಿ. ಕಲ್ಲಿನ ಸುತ್ತ ನೀರು ನಿಲ್ಲದಂತೆ ಮಾಡಿ, ದಟ್ಟ ಗಿಡಗಂಟಿ ಸವರಿ. ಉಳಿದದ್ದನ್ನು ತಿಳಿದವರಿಗೆ ಬಿಡಿ. ಜಾವಾದ ಬೊರೊಬುದುರ್ ಸ್ಮಾರಕವನ್ನು 1983ರವರೆಗೆ ನಡೆದ ದೊಡ್ಡ ಕೆಲಸದಲ್ಲಿ ದುರಸ್ತಿ ಮಾಡಿದವರು ಕಲ್ಲು ತೊಳೆಯುವುದರ ಜೊತೆಗೆ ಒಳಗೆ ನೀರು ಹರಿದುಹೋಗುವ ದಾರಿಯನ್ನೂ ಕಟ್ಟಿದರು. ನೀರು ನಿಲ್ಲಿಸದೆ ತೊಳೆದರೆ ನಾಲ್ಕು ಮಳೆಗಾಲದಲ್ಲಿ ಪುನಃ ಅದೇ.

ಸನಾದ ಮಾಡಿನ ಮೇಲೆ

1972ರಲ್ಲಿ ಯಮನಿನ ಸನಾ ನಗರದ ದೊಡ್ಡ ಮಸೀದಿಯ ದುರಸ್ತಿ ನಡೆಯುವಾಗ, ಮಾಡು ಮತ್ತು ಮುಚ್ಚಿಗೆಯ ನಡುವೆ ಹಳೆಯ ಚರ್ಮದ ಹಾಳೆಗಳ ರಾಶಿ ಸಿಕ್ಕಿತು. ಮಳೆಯ ತೇವ, ಹುಳ, ಇಲಿ ಎಲ್ಲ ಸೇರಿ ಹಾಳು ಮಾಡಿದ್ದವು. ಕೆಲಸದವರು ಗೋಣಿಗಳಲ್ಲಿ ತುಂಬಿ ಬದಿಗಿಟ್ಟರು. ಅದರ ಬೆಲೆ ಗುರುತಿಸಿದವರು ಯಮನಿನ ವಿದ್ವಾಂಸ ಖಾಝಿ ಇಸ್ಮಾಈಲ್ ಅಲ್ ಅಕ್ವಅ್. ನೋಡಿದರೆ ಅವು ಹಿಜರಿಯ ಆರಂಭದ ಶತಮಾನಗಳ ಮುಸ್‌ಹಫ್‌ಗಳ ಸಾವಿರಾರು ತುಣುಕುಗಳು. ಜರ್ಮನಿಯ ತಜ್ಞರ ನೆರವಿನಿಂದ ಒಂದೊಂದಾಗಿ ಶುಚಿ ಮಾಡಿ, ಬಿಡಿಸಿ ಉಳಿಸಿದರು. ಆ ಗೋಣಿಗಳನ್ನು ಯಾರಾದರೂ ಅವಸರದಲ್ಲಿ ಹೂಳಿಬಿಟ್ಟಿದ್ದರೆ?

ಓದಲು ಬಾರದಷ್ಟು ಜೀರ್ಣವಾದ ಮುಸ್‌ಹಫನ್ನು ಅಗೌರವ ಆಗದಂತೆ ವಿಲೇವಾರಿ ಮಾಡುವುದು ನಮಗೆ ಗೊತ್ತಿರುವ ಕ್ರಮವೇ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಓದಲು ಬರುವ, ಬೇರೆ ಪ್ರತಿ ಇಲ್ಲದ ಕೈಬರಹವನ್ನು ವಾಸನೆ ಬಂತೆಂದು ಹೊಳೆಗೆ ಬಿಡುವುದು ಅದಬು ಅಲ್ಲ. ಹಿರಿಯರು ನಮ್ಮ ಕೈಯಲ್ಲಿಟ್ಟ ಅಮಾನತು ಅದು. ಬ್ಯಾರಿಗಳ ಚರಿತ್ರೆ ಹೆಚ್ಚಾಗಿ ಅಚ್ಚಾದ ಪುಸ್ತಕದಲ್ಲಿಲ್ಲ, ಇಂಥ ಪೆಟ್ಟಿಗೆಗಳಲ್ಲಿದೆ.

ಮನೆಯಲ್ಲೇ ಮಾಡಬಹುದಾದದ್ದು

ಬೂಷ್ಟು ಹಿಡಿದ ಕಿತಾಬನ್ನು ಮೊದಲು ಬೇರೆಯವುಗಳಿಂದ ದೂರ ಇಡಿ. ಮುಟ್ಟುವಾಗ ಮಾಸ್ಕ್ ಹಾಕಿ. ದಮ್ಮು, ಅಲರ್ಜಿ ಇರುವವರು ಮುಟ್ಟುವುದೇ ಬೇಡ. ನೆರಳಿನಲ್ಲಿ, ಗಾಳಿಯಾಡುವ ಕಡೆ ನಿಧಾನವಾಗಿ ಒಣಗಿಸಿ. ಫ್ಯಾನಿನ ಗಾಳಿ ನೇರವಾಗಿ ಹಾಳೆಗೆ ಬೀಳಬಾರದು. ಪೂರ್ತಿ ಒಣಗಿ ಪುಡಿಯಾದ ಮೇಲೆ ಮಾತ್ರ, ಮನೆಯ ಹೊರಗೆ, ಮೆತ್ತಗಿನ ಬ್ರಶ್ಶಿನಿಂದ ಸವರಿ. ಅಂಟಿದ ಹಾಳೆಗಳನ್ನು ಎಳೆಯಬೇಡಿ. ಸೆಲೋಟೇಪ್, ಲ್ಯಾಮಿನೇಶನ್ ಎರಡೂ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಉಳಿಯುತ್ತದೆ, ಒಗೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಕಪಾಟು ಗೋಡೆಗೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಮೊಬೈಲಿನಲ್ಲಿ ಹಾಳೆ ಹಾಳೆಯ ಫೋಟೋ ತೆಗೆದಿಡಿ, ಇದಕ್ಕೆ ಖರ್ಚೇ ಇಲ್ಲ.

ಆ ಹುಡುಗನ ಕಿತಾಬು ನಮ್ಮಲ್ಲಿ ಹದಿನೈದು ದಿನ ನೆರಳಿನಲ್ಲಿ ಒಣಗಿತು. ಆರು ಹಾಳೆಗಳು ಈಗಲೂ ಅಂಟಿಕೊಂಡೇ ಇವೆ, ಅವನ್ನು ನಾವು ಮುಟ್ಟಿಲ್ಲ. ಉಳಿದದ್ದರ ಫೋಟೋ ಅವನೇ ತೆಗೆದ. ಕೊನೆಯ ಹಾಳೆಯಲ್ಲಿ ತನ್ನ ಅಜ್ಜ ಹುಟ್ಟಿದ ದಿನ ಓದಿ, ಮನೆಗೆ ಓಡಿ ಹೋಗಿ ಹೇಳಿದನಂತೆ. ಅಜ್ಜನಿಗೆ ತನ್ನ ಹುಟ್ಟಿದ ದಿನ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಿಮ್ಮ ಅಟ್ಟದಲ್ಲೂ ಒಂದು ಪೆಟ್ಟಿಗೆ ಇರಬಹುದು. ಮಳೆ ಶುರುವಾಗುವ ಮೊದಲು ಒಮ್ಮೆ ತೆರೆದು ನೋಡಿ.